ಗುರುತು ಇಡದ ಮಣ್ಣು

“ಇಲ್ಲಿ ನಿಮ್ಮೋರು ಯಾರಾದ್ರೂ ಅವ್ರಾ ಮೇಡಂ? ಬೇಗ ಹೇಳ್ಬುಡಿ, ಗುಂಡಿ ತೋಡ್ಬೇಕು.”

ಹಾರೆ ಹಿಡಿದು ನಿಂತಿದ್ದ ಕೊಂಡಪ್ಪನನ್ನು ಭಾರ್ಗವಿ ಕೂತಲ್ಲಿಂದಲೇ ನೋಡಿದಳು. ಪ್ರಶ್ನೆ ಸರಳವಾಗಿತ್ತು. ಕಾಲೇಜಿನಲ್ಲಿ ಹುಡುಗರಿಗೆ ಅವಳು ಇಂಥವನ್ನೇ ಕೊಡುತ್ತಿದ್ದಳು. ಹೌದು ಅಥವಾ ಇಲ್ಲ ಎಂದರೆ ಮುಗಿಯುವಂಥವು.

ಹಿಂದೂಪುರದ ನೇಕಾರರ ಬೀದಿಯ ಹಿಂದಿನ ಈ ಹಳೆಯ ರುದ್ರಭೂಮಿಗೆ ಅವಳು ದಿನಾ ಬರುತ್ತಿದ್ದಳು. ಮನೆಯಲ್ಲಿ ಪವರ್‌ಲೂಮ್ ನಿಲ್ಲುತ್ತಿರಲಿಲ್ಲ. ಆ ಸದ್ದಿನಲ್ಲಿ ತಾನು ಯೋಚಿಸುತ್ತಿದ್ದೇನೋ, ಬರೀ ಅದುರುತ್ತಿದ್ದೇನೋ ತಿಳಿಯುತ್ತಿರಲಿಲ್ಲ. ಇಲ್ಲಿ ಬೇವಿನ ಕೆಳಗೆ ಕೂತರೆ ಸದ್ದು ಗೋಡೆಯಾಚೆ ಉಳಿಯುತ್ತಿತ್ತು. ಮಗುವಿನ ಹತ್ತಿರ ಕೂತಿದ್ದೇನೆ ಅಂದುಕೊಳ್ಳುತ್ತಿದ್ದಳು.

ಮಗಳು ಹುಟ್ಟಿದ ದಿನವೇ ಹೋಗಿದ್ದಳು. ಭಾರ್ಗವಿಗೆ ಎಚ್ಚರವಾಗುವಷ್ಟರಲ್ಲಿ ಗಂಡಸರು ತಂದು ಹೂತಿದ್ದರು. ಹಲ್ಲು ಮೂಡದ ಕೂಸಿಗೆ ಕಲ್ಲು ಇಡಬಾರದು, ಹೆತ್ತವಳಿಗೆ ಜಾಗ ತೋರಿಸಬಾರದು, ತೋರಿಸಿದರೆ ಮುಂದಿನದು ನಿಲ್ಲುವುದಿಲ್ಲ ಎಂಬುದು ಮನೆಯ ಪದ್ಧತಿ. ತೋರಿಸಲಿಲ್ಲ. ಮುಂದಿನದು ಬರಲೂ ಇಲ್ಲ. ಅತ್ತೆ ಗಂಗಾದೇವಿ ಒಮ್ಮೆ ಅಕ್ಕಿ ಆರಿಸುತ್ತಾ ಬಾಯಿತಪ್ಪಿ “ಬೇವಿನ ಕೆಳಗೆ” ಅಂದಿದ್ದರು. ಅವಳಿಗಿದ್ದ ಆಧಾರ ಅಷ್ಟೇ.

“ಸರಸ್ವತಮ್ಮನ್ನ ಆಗ್ಲೇ ಮನೆಯಿಂದ ಎತ್ತವ್ರಂತೆ,” ಎಂದ ಕೊಂಡಪ್ಪ. “ಬದುಕಿದ್ದಾಗ ಲೇಪಾಕ್ಷಿ ಬಸ್ಸಿಗೂ ಕಾದೋಳಲ್ಲ ಆ ಮುದುಕಿ. ಈಗ ಕಾಯಿಸಿದ್ರೆ ಎದ್ದು ಬೈತಾಳೆ ಕಣಮ್ಮ.”

ಜೊತೆಗಿದ್ದ ಕದಿರಣ್ಣ ನಕ್ಕ. ತಾನೂ ನಗಬೇಕೇನೋ ಎಂದುಕೊಂಡಳು ಭಾರ್ಗವಿ.

ಎದ್ದು ಸ್ವಲ್ಪ ದೂರ ಹೋಗಿ, ಕಲ್ಯಾಣದುರ್ಗದಲ್ಲಿ ಕೆಲಸಕ್ಕಿದ್ದ ಗಂಡನಿಗೆ ಫೋನ್ ಮಾಡಿದಳು.

“ಬೇವಿನ ಕೆಳಗೇನಾ?”

“ಏನು?” ಎಂದ ಆನಂದಕುಮಾರ್.

“ಪಾಪು.”

ಆ ಕಡೆ ಯಾರೋ ತೆಲುಗಿನಲ್ಲಿ ಟೀ ಹೇಳುತ್ತಿದ್ದರು.

“ಈಗ್ಯಾಕೆ ಅದು?”

“ಇಲ್ಲಿ ಗುಂಡಿ ತೋಡ್ತಾವ್ರೆ.”

“ಗೋಡೆ ಹತ್ರ ಇರ್ಬೇಕು.”

“ಇರ್ಬೇಕಾ?”

“ನಾನು ಗೇಟಿನ ಹತ್ರಾನೇ ನಿಂತ್ಬುಟ್ಟೆ. ಚಿಕ್ಕಪ್ಪ ಎತ್ಕೊಂಡು ಒಳಗೆ ಹೋದ್ರು.” ಆಮೇಲೆ, “ಊಟ ಆಯ್ತಾ?” ಎಂದ.

ಚಿಕ್ಕಪ್ಪನೂ ಈಗ ಇಲ್ಲೇ ಇದ್ದರು, ಹೆಸರು ಕೆತ್ತಿದ ಕಲ್ಲಿನ ಕೆಳಗೆ.

ಇಲ್ಲ ಎಂದರೆ ಹಾರೆ ಇಲ್ಲಿ ಬೀಳುತ್ತದೆ. ಹೌದು ಎಂದರೆ ಬೇರೆ ಕಡೆ. ಮಗು ಅಲ್ಲಿದ್ದರೆ, ಹಾರೆಯನ್ನು ಅಲ್ಲಿಗೆ ಕಳಿಸಿದವಳು ತಾನೇ. ಇಷ್ಟು ದಿನ ಯಾರ ಜೊತೆ ಸುಮ್ಮನೆ ಕೂತಿದ್ದೆ? ಬರೀ ಬೇರಿನ ಜೊತೆ ಇರಬಹುದು. ಹಾಗಾದರೆ ಆ ನೆಮ್ಮದಿ ಯಾರದು?

“ಇಲ್ಲೇ ಅವ್ಳೆ,” ಎಂದಳು ವಾಪಸು ಬಂದು. “ನನ್ನ ಮಗಳು.”

ಕೊಂಡಪ್ಪ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವಳಿಗೆ ನಾಚಿಕೆಯಾಯಿತು. ಅವನು ಗೋಡೆಯ ಪಕ್ಕ ಹೋಗಿ ಹಾರೆ ಎತ್ತಿದ.

“ಅಲ್ಲಿ ಬೇಡ.”

“ಇಲ್ಯಾರವ್ರೆ?”

“ಅವಳೇ.”

ಇಬ್ಬರೂ ಮುಖ ನೋಡಿಕೊಂಡರು. ಹುಣಸೆಯ ಕಡೆ ಹೋದರು. ಅಲ್ಲಿಯೂ ಬೇಡವೆಂದಳು.

“ಎಷ್ಟು ಮಕ್ಕಳಮ್ಮ ನಿಮ್ಗೆ?” ಎಂದ ಕದಿರಣ್ಣ. ಈ ಸಲ ನಗಲಿಲ್ಲ.

“ಒಂದೇ.”

ತಮಟೆ ಗೇಟಿನೊಳಗೆ ಬಂತು. ಸರಸ್ವತಮ್ಮ ಹೂವಿನ ನಡುವೆ ಕೂತೇ ಬಂದರು. ಅವರಲ್ಲಿ ಸತ್ತವರನ್ನು ಮಲಗಿಸಿ ತರುವುದಿಲ್ಲ, ಗುಂಡಿ ಆಗುವ ತನಕ ನೆಲಕ್ಕೆ ಇಳಿಸುವುದೂ ಇಲ್ಲ. ಹೊತ್ತವರ ಹೆಗಲು ಆಗಲೇ ಬಾಗಿತ್ತು. ಎಲ್ಲರೂ ಕೊಂಡಪ್ಪನನ್ನು ನೋಡಿದರು. ಕೊಂಡಪ್ಪ ಅವಳನ್ನು ನೋಡಿದ.

“ಹಂಗಾದ್ರೆ ಯಾರೂ ಇಲ್ಲದ ಜಾಗ ನೀವೇ ತೋರಿಸ್ಬುಡಿ ತಾಯಿ. ನೀವಂದಲ್ಲೇ ತೋಡ್ತೀವಿ.”

ಭಾರ್ಗವಿ ಚಪ್ಪಲಿ ಬಿಟ್ಟು ನಡೆದಳು. ಪಾದ ಊರಿದಲ್ಲೆಲ್ಲ ಮಣ್ಣು ಬೆಚ್ಚಗಿತ್ತು. ಒಂದು ಕಡೆ ನಿಂತಳು. ಅಲ್ಲವೆನಿಸಿ ಮತ್ತೆ ಹೊರಟಳು. ಅವಳು ನಿಂತಾಗ ತಮಟೆ ನಿಂತಿತು. ಹೊರಟಾಗ ಹೊರಟಿತು. ಗೋರಿಗಳ ನಡುವೆ ಅವಳು ತಿರುಗಿದಂತೆಲ್ಲ, ಗದ್ದಕ್ಕೆ ಬಟ್ಟೆ ಕಟ್ಟಿಸಿಕೊಂಡ ಮುದುಕಿ ಹೆಗಲುಗಳ ಮೇಲೆ ತೂಗಾಡುತ್ತಾ ಅವಳ ಹಿಂದೆಯೇ ಬರುತ್ತಿದ್ದಳು.