ಕಾಶವ್ವ ಸಾರಿಸಿದ ದಾರಿ

ಸೋಮವಾರ ಬೆಳಿಗ್ಗೆ ಪರದೆ ಸರಿಸಿದಾಗ ಲಂಡನ್ನಿನ ವೂಲಿಚ್‌ನ ನಮ್ಮ ಬೀದಿಯ ಕಾರುಗಳೆಲ್ಲ ಹಿಮ ಮುಚ್ಚಿ ಒಂದೇ ಬಣ್ಣದವಾಗಿದ್ದವು. ರೈಲುಗಳು ನಿಂತಿದ್ದವು. ಕ್ಯಾನರಿ ವಾರ್ಫ್‌ನ ಆಫೀಸಿಗೆ ಯಾರೂ ಬರುವುದು ಬೇಡ ಎಂದು ಸಂದೇಶ ಬಂದಿತ್ತು. ನಾನು ಅರ್ಧ ದಿನ ರಜೆ ಹಾಕಿ, ಹದಿನಾರು ತಿಂಗಳಿಂದ ಬೀರುವಿನ ಹಿಂದೆ ನಿಂತಿದ್ದ ಸ್ನೋಬೋರ್ಡನ್ನು ಹೊರಗೆಳೆದೆ.

ಬೋರ್ಡು ನನ್ನದೇ. ನನ್ನ ಗಂಡ ವರುಣ್‌ಗೆ ಹಿಮದ ಮೇಲೆ ನಿಲ್ಲುವ ಆಸೆ ಇರಲಿಲ್ಲ. ಊರಾಚೆಯ, ಕೃತಕ ಹಿಮದ ಒಳಾಂಗಣ ಇಳಿಜಾರಿಗೆ ನನ್ನನ್ನು ಕರೆದುಕೊಂಡು ಹೋಗಿ, ತಾನು ಗಾಜಿನ ಆಚೆ ಕೂತು ಚಿಪ್ಸ್ ತಿನ್ನುತ್ತ, ನಾನು ಬಿದ್ದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಮೂವತ್ತಾರನೇ ವಯಸ್ಸಿಗೆ ಅವನ ಹೃದಯ ನಿಂತಿತು. ಅಂದಿನಿಂದ ಎಲ್ಲರೂ ನನ್ನ ಜೊತೆ, ಮಗು ಮಲಗಿರುವ ಕೋಣೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಾರೆ. ನಾನೂ ಹಾಗೆಯೇ ಉತ್ತರಿಸುತ್ತೇನೆ.

ಲಿಫ್ಟಿನಲ್ಲಿ ಕಾಶವ್ವ ಸಿಕ್ಕರು. ಐದನೇ ಮಹಡಿಯ ಡಾಕ್ಟರ್ ಪ್ರಾಚಿಯ ತಾಯಿ, ಅರವತ್ತೆರಡು ವರ್ಷ, ನವಲಗುಂದದ ಕಡೆಯವರು. ಆರು ತಿಂಗಳು ಮಗಳ ಮನೆಯಲ್ಲಿದ್ದು ಗುರುವಾರ ಊರಿಗೆ ಹೊರಡುವವರಿದ್ದರು. ಸೀರೆಯ ಮೇಲೆ ಮಗಳ ಉದ್ದದ ಕೋಟು, ಕಾಲಿಗೆ ಮಗಳ ಬೂಟು. ಆ ಹಲಗೆ ಏತಕ್ಕೆ ಎಂದು ಕೇಳಿದರು. ಹೇಳಿದೆ. ಅದರ ಮೇಲೆ ಕೂತೂ ಜಾರಬಹುದೇ ಎಂದು ಕೇಳಿದರು. ಮಕ್ಕಳು ಜಾರುತ್ತಾರೆ ಎಂದೆ. ಹಾಗಾದರೆ ತಾನೂ ಊರಿಗೆ ಹೋಗುವ ಮೊದಲು ಒಂದು ಸಲ ಜಾರಲೇಬೇಕು ಎಂದು, ನನ್ನ ಒಪ್ಪಿಗೆಗೆ ಕಾಯದೆ ಬಾಗಿಲ ಕಡೆ ತಿರುಗಿ ನಿಂತರು.

ನಾನು ಪ್ರಾಚಿಗೆ ಫೋನ್ ಮಾಡಿದೆ. ಅವಳು ಆಸ್ಪತ್ರೆಯಲ್ಲಿ ಮೂಳೆ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಬೆಳಗಿನಿಂದ ಜಾರಿ ಬಿದ್ದವರ ಮಣಿಕಟ್ಟುಗಳೇ ಹನ್ನೊಂದು ಬಂದಿವೆ ಎಂದಳು.

"ಅವ್ವ ನನ್ನ ಮಾತ ಕೇಳೂದಿಲ್ಲ ಮೈತ್ರೇಯಿ. ನಿನಗ ಬಿಟ್ಟೀನಿ. ಮುರಕೊಂಡ್ರ ನಾನ ಕೂಡಸಬೇಕು, ಅಷ್ಟ ನೆನಪಿಟ್ಕೊ."

ನನಗೆ ಬಿಟ್ಟರೆ ನಾನು ಬೇಡ ಎನ್ನುತ್ತೇನೆ. ಬೇಡ ಎಂದರೆ ಯಾರಿಗೂ ಏನೂ ಆಗುವುದಿಲ್ಲ. ಹಿಮ ನೋಡಲು ಬನ್ನಿ, ಜಾರುವುದನ್ನು ಅಲ್ಲಿ ಹೋಗಿ ನೋಡೋಣ ಎಂದೆ. ಅದು ಬೇಡ ಎಂಬುದರ ಇನ್ನೊಂದು ರೂಪ. ಕಾಶವ್ವನಿಗೂ ಅದು ತಿಳಿದಿತ್ತು.

ಬಸ್ಸುಗಳು ಶೂಟರ್ಸ್ ಹಿಲ್ ಹತ್ತುತ್ತಿರಲಿಲ್ಲ. ನಡೆದೇ ಹೋದೆವು. ಆಕ್ಸ್‌ಲೀಸ್ ಕಾಡಿನ ಮುಂದಿನ ಹುಲ್ಲುಗುಡ್ಡದ ಮೇಲೆ ಅರ್ಧ ಊರೇ ನೆರೆದಿತ್ತು. ಜಾರುಬಂಡಿ, ಟ್ರೇ, ರಟ್ಟಿನ ಪೆಟ್ಟಿಗೆ, ಯಾರದೋ ಮಗುವಿನ ಸ್ನಾನದ ಟಬ್ಬು. ನಾನು ಎರಡು ಸಲ ಇಳಿದೆ. ಅಷ್ಟು ಹೊತ್ತಿಗಾಗಲೇ ಹಿಮ ಸವೆದು ಹುಲ್ಲು ಕಾಣುತ್ತಿತ್ತು, ಬೋರ್ಡಿನ ತಳ ಮಣ್ಣಿಗೆ ಉಜ್ಜಿ ಕಿರುಗುಟ್ಟುತ್ತಿತ್ತು. ಮೇಲಿಂದ ನೋಡುತ್ತಿದ್ದ ಕಾಶವ್ವ, ಇಷ್ಟು ಜನ ತುಳಿದ ಮೇಲೆ ಇದು ಹಾದಿಯಲ್ಲ, ಕೆಸರು ಎಂದು ತೀರ್ಪು ಕೊಟ್ಟು ಕಾಡಿನ ಅಂಚಿಗೆ ನಡೆದರು.

ಅಲ್ಲಿ ಓಕ್ ಮರಗಳ ನಡುವೆ ಒಂದು ಬಯಲು ಸಂದು ಇತ್ತು. ಎರಡು ಎತ್ತಿನ ಗಾಡಿ ಅಕ್ಕಪಕ್ಕ ಹೋಗುವಷ್ಟು ಅಗಲ, ಸುಮಾರು ಐವತ್ತು ಹೆಜ್ಜೆ ಉದ್ದ, ಮೆತ್ತಗೆ ನೇರವಾಗಿ ಇಳಿದು ಒಂದು ಸಣ್ಣ ಹಳ್ಳದ ಹತ್ತಿರ ಸಮನಾಗುತ್ತಿತ್ತು. ಒಂದು ನರಿಯ ಹೆಜ್ಜೆ ಬಿಟ್ಟರೆ ಯಾರೂ ಕಾಲಿಟ್ಟಿರಲಿಲ್ಲ. ಹಿಮ ಮಾತ್ರ ಸಡಿಲ, ಕೆಳಗೆಲ್ಲ ಬೇರು, ಗುಂಡಿ. ಒಳಾಂಗಣದಲ್ಲಾದರೆ ರಾತ್ರಿ ಯಂತ್ರ ಬಂದು ಹಿಮವನ್ನು ಒತ್ತಿ, ಬಾಚಣಿಗೆ ಎಳೆದ ಹಾಗೆ ಗೆರೆ ಬಿಟ್ಟು ಹೋಗುತ್ತದೆ, ಇಲ್ಲಿ ಹಾಗಿಲ್ಲ ಎಂದೆ.

"ಅಂದ್ರ ಕಣಾ ಮಾಡಿದಂಗ," ಎಂದರು ಕಾಶವ್ವ. "ಅದಕ್ಕ ಯಂತ್ರ ಯಾಕ ಬೇಕು?"

ರಾಶಿ ಮಾಡುವ ಕಣವನ್ನು ಅವರು ಮೂವತ್ತು ಸುಗ್ಗಿ ತಾವೇ ನಿಂತು ಮಾಡಿಸಿದವರು. ಗಂಡ ತೀರಿದಾಗ ಪ್ರಾಚಿಗೆ ನಾಲ್ಕು ವರ್ಷವಂತೆ. ಇದನ್ನು ಅವರು ಹಿಮ ತುಳಿಯುತ್ತ, ದನ ಮಾರಿದ ವಿಷಯ ಹೇಳುವ ಹಾಗೆ ಹೇಳಿದರು. ಬೂಟಿನ ಪಕ್ಕ ಬೂಟಿಟ್ಟು ಅಡ್ಡಡ್ಡ ತುಳಿಯುತ್ತ ಮೇಲಿಂದ ಕೆಳಗೆ ಬಂದರು. ಆಮೇಲೆ ನನ್ನನ್ನು ಬೋರ್ಡಿನ ಮೇಲೆ ನಿಲ್ಲಿಸಿ, ಪಟ್ಟಿ ಹಿಡಿದು ಎಳೆದರು. ಊರಲ್ಲಿ ನೆಲ ಸಮ ಮಾಡಲು ಎಳೆಯುವ ಕೊರಡಿನ ಮೇಲೆ ಭಾರಕ್ಕೆ ಹುಡುಗರು ನಿಲ್ಲುತ್ತಾರಂತೆ.

"ನೀ ಏನೂ ತೂಕಾ ಇಲ್ಲ ಬಿಡು. ಊಟಾ ಮಾಡ್ತೀಯೋ ಇಲ್ಲೋ?"

ಮಾಡುತ್ತೇನೆ ಎಂದೆ. ಸುಳ್ಳು ಹೇಳಬೇಡ, ಬೆನ್ನು ನೆಟ್ಟಗೆ ಮಾಡಿ ನಿಲ್ಲು ಎಂದರು. ಕೆಳಗೆ ಹಳ್ಳಕ್ಕೆ ಮೊದಲೇ ಮೊಣಕಾಲೆತ್ತರ ಹಿಮದ ಒಡ್ಡು ಹಾಕಿದೆವು. ಹತ್ತೂವರೆ ಹೊತ್ತಿಗೆ ಆ ಸಂದು ಒಪ್ಪವಾಗಿತ್ತು. ಇಷ್ಟು ಚೆನ್ನಾಗಿ ಮಾಡಿದ ಮೇಲೆ ಬೇಡ ಎನ್ನಲು ನನ್ನ ಬಳಿ ಕಾರಣ ಉಳಿಯಲಿಲ್ಲ. ಆದ್ದರಿಂದ ಒಂದು ಷರತ್ತು ಹಾಕಿದೆ. ಮೊದಲು ನಾನು ಇಳಿಯುತ್ತೇನೆ. ನಾನು ನೆಟ್ಟಗೆ ನಿಂತರೆ ನೀವು. ನಾನು ಬಿದ್ದರೆ ಮನೆಗೆ. ಕಾಶವ್ವ ಒಪ್ಪಿದರು.

ಅದಕ್ಕೂ ಮೊದಲು ಕಾಫಿ ಬೇಕು ಎಂದರು. ಗುಡ್ಡದ ಮೇಲಿನ ಕೆಫೆಯಲ್ಲಿ ಸಾಲು ಉದ್ದವಿತ್ತು. ಎರಡು ಲೋಟ ಹಿಡಿದು ವಾಪಸು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಕಾಶವ್ವ ಚೂಡಾ ತಂದಿದ್ದ ಡಬ್ಬಿ ಖಾಲಿಯಾಗಿ ಪಕ್ಕದಲ್ಲಿತ್ತು, ಅವರ ಕೈಗಳು ಕೆಂಪಾಗಿದ್ದವು, ಮುಖದಲ್ಲಿ ಕೆಲಸ ಮುಗಿಸಿದ ಕಳೆ. ದಾರಿಯ ಕೆಳಭಾಗ ಹೊಳೆಯುತ್ತಿತ್ತು. ಬಿಸಿಲು ಬಿದ್ದಿರಬೇಕು ಎಂದುಕೊಂಡೆ. ಅಂದು ಬಿಸಿಲೇ ಇರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಪಾದಗಳನ್ನು ಬೋರ್ಡಿಗೆ ಬಿಗಿದುಕೊಂಡು ಹೊರಟೆ. ಮೊದಲ ಇಪ್ಪತ್ತು ಹೆಜ್ಜೆ ಸೊಗಸು. ಒತ್ತಿದ ಹಿಮ ಬೋರ್ಡಿನ ಅಂಚನ್ನು ಹಿಡಿದು, ಬೇಕಾದಾಗ ಬಿಟ್ಟುಕೊಡುತ್ತಿತ್ತು. ಮರಗಳು ಎರಡೂ ಕಡೆ ಹಿಂದೆ ಸರಿದವು. ವೇಗ ತಗ್ಗಿಸಲು ಹಿಮ್ಮಡಿ ಒತ್ತಿದೆ. ಅಂಚು ಕಚ್ಚಲೇ ಇಲ್ಲ. ಮತ್ತೊಮ್ಮೆ ಒತ್ತಿದೆ, ಕೆಳಗೆ ಗಾಜು ಕೆರೆದಂಥ ಸದ್ದು. ಒಡ್ಡು ಹತ್ತಿರ ಬಂತು, ಕಾಲಡಿಯಿಂದ ಹೋಯಿತು. ನಾನು ಹಳ್ಳವನ್ನೂ ದಾಟಿ ಆಚೆಯ ಹಾಲಿ ಎಂಬ ಮುಳ್ಳುಗಿಡದ ಪೊದೆಯೊಳಗೆ ಅಂಗಾತ ಬಿದ್ದೆ. ಮುಳ್ಳೆಲೆಗಳಿಂದ ಹಿಮ ನಿಧಾನವಾಗಿ ನನ್ನ ಕೊರಳಿನೊಳಗೆ ಇಳಿಯಿತು.

ಕಾಶವ್ವ ಸೀರೆ ಎತ್ತಿ ಹಿಡಿದು ಬಂದರು. ಕೈಕಾಲು ಮುಟ್ಟಿ ನೋಡಿದರು. ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಕೂಡಲೇ ದನಿ ಏರಿತು.

"ಕಣ್ಣ ಕಿಸೇದಾಗ ಇಟ್ಕೊಂಡಿದ್ದೇನ? ಅಷ್ಟ ದೊಡ್ಡ ಒಡ್ಡ ಕಾಣಲಿಲ್ಲ ನಿನಗ?"

"ಆಂಟಿ, ನೀವು ನೀರು ಹಾಕಿದ್ರಾ?"

"ಹಾಕದ ಕಣಾ ಹೆಂಗ ಗಟ್ಟಿ ಆಗ್ತೈತಿ? ಹಳ್ಳದ್ದು. ಡಬ್ಬೀಲೆ ಇಪ್ಪತ್ತ ಸಲಾ ಹೊತ್ತೀನಿ."

ನವಲಗುಂದದ ಸುಗ್ಗಿಯಲ್ಲಿ ನೀರು ಚಿಮುಕಿಸಿದರೆ ಮಣ್ಣು ಗಟ್ಟಿಯಾಗುತ್ತದೆ. ಇಲ್ಲಿ ಮೈನಸ್ ಮೂರು ಡಿಗ್ರಿಯಲ್ಲಿ ಏನಾಗುತ್ತದೆ ಎಂದು ಬಿಡಿಸಿ ಹೇಳಲು ಬಾಯಿ ತೆರೆದೆ. ಮಾತಿನ ಬದಲು ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ನನ್ನನ್ನು ಯಾರಾದರೂ ಬೈದು ಬಹಳ ಕಾಲವಾಗಿತ್ತು. ಹಾಲಿಯ ಮುಳ್ಳು ಕಿವಿಗೆ ಚುಚ್ಚುತ್ತಿತ್ತು, ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ನಗು ನಿಲ್ಲುವವರೆಗೆ ಕಾಶವ್ವ ಸೊಂಟದ ಮೇಲೆ ಕೈಯಿಟ್ಟು ಕಾದರು. ಆಮೇಲೆ ಡಬ್ಬಿಯನ್ನು ಸೆರಗಿನಿಂದ ಒರೆಸಿ ಚೀಲದೊಳಗೆ ಇಟ್ಟರು.

"ಏಳು. ನೀ ಬಿದ್ದಿ. ಮಾತ ಅಂದ್ರ ಮಾತ. ಮನೀಗೆ ಹೋಗೂಣು."

ಮುನಿಸಿರಲಿಲ್ಲ. ಒಂದು ಸಲ ಮಾತ್ರ ಮೇಲಕ್ಕೆ, ಮರಗಳ ನಡುವಿನ ಆ ಬಿಳಿ ಪಟ್ಟಿಯತ್ತ ನೋಡಿದರು. ಆಚೆ ಗುಡ್ಡದಿಂದ ಮಕ್ಕಳ ಕೂಗು ಕೇಳುತ್ತಿತ್ತು. ಷರತ್ತು ನನ್ನದೇ, ಅದರಂತೆ ಈಗ ಸುಮ್ಮನೆ ಬೇಡ ಎನ್ನಬಹುದಿತ್ತು. ಎದ್ದು ಕೂತು ಪಟ್ಟಿ ಬಿಚ್ಚಿದೆ.

"ಆಂಟಿ, ಕಣಕ್ಕೆ ನೀರು ಜಾಸ್ತಿ ಆದ್ರೆ ಊರಲ್ಲಿ ಏನ್ ಮಾಡ್ತೀರಿ?"

ಅವರು ಚೀಲವನ್ನು ಕೆಳಗಿಟ್ಟರು.

"ಕೆದರಿ ಹೊಟ್ಟ ಹರವ್ತೀವಿ."

ಆಕ್ಸ್‌ಲೀಸ್‌ನಲ್ಲಿ ಜೋಳದ ಹೊಟ್ಟು ಇರಲಿಲ್ಲ. ಆದರೆ ಪೊದೆಗಳ ಅಡಿಯಲ್ಲಿ, ಹಿಮ ತಾಗದ ಕಡೆ, ಒಣಗಿದ ಓಕ್ ಎಲೆ ಬೇಕಾದಷ್ಟಿತ್ತು. ನಾನು ಬೋರ್ಡಿನ ಅಂಚಿನಿಂದ ಮಂಜುಗಡ್ಡೆ ಒಡೆದೆ. ಕಾಶವ್ವ ಚೀಲದಲ್ಲಿ ಎಲೆ ತಂದು ಪುಡಿ ಮಾಡಿ ಹರಡಿದರು. ಮೇಲೆ ಹೊಸ ಹಿಮ ತುಂಬಿ, ತುಳಿದು, ಮತ್ತೆ ಎಳೆದೆವು. ಒಡ್ಡನ್ನು ಸೊಂಟದೆತ್ತರಕ್ಕೆ ಏರಿಸಿದೆವು. ಹನ್ನೆರಡಾಯಿತು. ಕೊಂಬೆಗಳಿಂದ ಹನಿ ಬೀಳತೊಡಗಿತ್ತು.

ಈ ಸಲ ಅಂಚು ಹಿಡಿಯಿತು. ಬಲಕ್ಕೆ ಬಾಗಿದೆ, ಎಡಕ್ಕೆ ಬಾಗಿದೆ, ಒಡ್ಡಿನ ಮುಂದೆ ಬೋರ್ಡನ್ನು ಅಡ್ಡ ತಿರುಗಿಸಿ ನಿಂತೆ. ಚಪ್ಪಾಳೆ ಕೇಳಿಸಿತು. ಕಾಶವ್ವ ಮೇಲೆ ಆಗಲೇ ತುರುಬು ಬಿಚ್ಚಿ ಜಡೆ ಹಾಕಿಕೊಂಡಿದ್ದರು, ನನ್ನ ಹೆಲ್ಮೆಟ್ ಹಿಡಿಸಬೇಕಲ್ಲ.

ಅವರಿಗೆ ಹೆಲ್ಮೆಟ್ ತೊಡಿಸಿ ಬೋರ್ಡಿನ ಮೇಲೆ ಕೂರಿಸಿ, ಸೀರೆಯನ್ನು ಕಾಲಡಿ ಸಿಕ್ಕಿಸಿ, ಎರಡೂ ಕೈಗೆ ಪಟ್ಟಿ ಕೊಟ್ಟೆ. ಹಿಮ್ಮಡಿಯನ್ನು ಹಿಮಕ್ಕೆ ಒತ್ತಿದರೆ ನಿಲ್ಲುತ್ತದೆ ಎಂದು ಮೂರು ಸಲ ಹೇಳಿದೆ. ನಾಲ್ಕನೆಯ ಸಲಕ್ಕೆ ಅವರು ಕಾಯಲಿಲ್ಲ. ನಾನು ಕೈ ಬಿಡುವ ಮೊದಲೇ ಬೋರ್ಡು ಹೊರಟಿತ್ತು.

ಅವರು ಕೂಗಲಿಲ್ಲ. ಎತ್ತುಗಳಿಗೆ ಹೇಳುವ ಹಾಗೆ ಒಂದು ಉದ್ದದ "ಹೋ" ಮಾತ್ರ ಮರಗಳ ನಡುವೆ ಇಳಿದು ಹೋಯಿತು. ಜಡೆ ಹಿಂದೆ ಹಾರಿತು. ಒಡ್ಡಿಗೆ ಮೆತ್ತಗೆ ತಾಗಿ ಬೋರ್ಡು ನಿಂತಿತು. ಕಾಶವ್ವ ಅಲುಗಾಡಲಿಲ್ಲ. ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ನಾನು ಓಡಿದೆ. ಅರ್ಧ ದಾರಿಯಲ್ಲಿ ಬಿದ್ದೆ, ಎದ್ದೆ, ಮತ್ತೆ ಓಡಿದೆ.

"ಆಂಟಿ?"

ಅವರು ತಿರುಗಿದರು. ಹುಬ್ಬಿನ ತುಂಬ ಹಿಮ.

"ಇಷ್ಟ ದೂರೇನ? ಈಗ ಶುರು ಆಗಿತ್ತು, ಅಷ್ಟರಾಗ ಮುಗದ ಹೋತು."

ಆಗಲೇ ಪ್ರಾಚಿಯ ವಿಡಿಯೊ ಕಾಲ್ ಬಂತು. ತಾಯಿಯ ತಲೆಯ ಮೇಲೆ ಹೆಲ್ಮೆಟ್ ನೋಡಿ ಮುಖವನ್ನು ಕ್ಯಾಮೆರಾ ಹತ್ತಿರ ತಂದಳು. ಆಮೇಲೆ ಆಸ್ಪತ್ರೆಯ ದನಿಯಲ್ಲಿ ಕೇಳಿದಳು: "ಯಾವ ಕಡೆ ಬಿದ್ದಿ ಅವ್ವಾ?"

"ನಾ ಎಲ್ಲಿ ಬಿದ್ದೀನಿ? ಬಿದ್ದಾಕಿ ಈಕಿ. ಎರಡ ಸಲ."

ಪ್ರಾಚಿ ನನ್ನ ಮಣಿಕಟ್ಟನ್ನು ಕ್ಯಾಮೆರಾ ಮುಂದೆ ಹಿಡಿಯಲು ಹೇಳಿದಳು. ಮೇಲಕ್ಕೆ, ಕೆಳಕ್ಕೆ, ಮುಷ್ಟಿ ಕಟ್ಟು, ಬಿಡು. ನೋಯುತ್ತದೆಯೇ ಎಂದಳು. ನೋಯುತ್ತದೆ, ಆದರೆ ಚೆನ್ನಾಗಿದೆ ಎಂದೆ. ಅದು ಎಂಥ ಉತ್ತರ ಎಂದು ಅವಳು ಬೈಯತೊಡಗಿದಳು. ಬೈಸಿಕೊಳ್ಳುತ್ತ ನಾನು ತಲೆಯೆತ್ತಿ ನೋಡಿದೆ. ಕಾಶವ್ವ ಬೋರ್ಡನ್ನು ಬಗಲಲ್ಲಿ ಇರುಕಿಕೊಂಡು, ಸಾರಿಸಿದ ದಾರಿ ಕೆಡಬಾರದೆಂದು ಅದರ ಪಕ್ಕದ ಸಡಿಲ ಹಿಮದಲ್ಲೇ ಕಾಲಿಡುತ್ತ, ಅರ್ಧ ಏರು ಹತ್ತಿಯಾಗಿತ್ತು.