ಮಿನಾರದ ಬುಡದ ಕೋಣೆ

೧

ಹೇಗೆ ಶುರು ಮಾಡಲಿ, ಓದುಗರೇ? ಮಿನಾರದಿಂದಲೋ, ಸಾವಿನಿಂದಲೋ? ಮೊದಲ ಡ್ರಾಫ್ಟಿನಲ್ಲಿ ಮಿನಾರಕ್ಕೇ ಎರಡು ಪುಟ ಕೊಟ್ಟಿದ್ದೆ. ಹರಿದು ಹಾಕಿದೆ.

ಆ ಗುರುವಾರ ಮುಂಜಾನೆ ಹಳೇ ಹುಬ್ಬಳ್ಳಿಯ ಮಸೀದಿಯಲ್ಲಿ ಗೌಂಡಿ ಫಕ್ರುಸಾಬ ಹೊಸ ಮಿನಾರದ ಹಸಿ ಗಿಲಾವಿಗೆ ನೀರು ಹೊಡೆಯುತ್ತಿದ್ದ. ತಲೆಯ ಮೇಲೆ ಮೈಕು ಕೆಮ್ಮಿತು: “ಫಕ್ರುಸಾಬ ಗೌಂಡಿಯವರ ಮನಿಯವರು ರೆಹಮತ್‌ಬಿ ದವಾಖಾನ್ಯಾಗ ತೀರಿಕೊಂಡಾರ.” ಮಗಳು ಯಾಸ್ಮಿನ ಅಪ್ಪನಿಗೆ ಹತ್ತು ಸಲ ಫೋನ್ ಮಾಡಿ, ಕೊನೆಗೆ ಮಸೀದಿಗೆ ಮಾಡಿದ್ದಳು. ಅವನ ಫೋನು ಕಳಚಿಟ್ಟ ಅಂಗಿಯ ಜೇಬಿನಲ್ಲಿತ್ತು. ಕೈಯಲ್ಲಿನ ಪೈಪಿನಿಂದ ನೀರು ಹರಿಯುತ್ತಲೇ ಇತ್ತು.

೨

“ಭಾಯಿ, ನಾನ ಕಳಿಸಿದ್ದೆ ಅಂತ ಬರಿ. ಗಿಲಾವ ಬಿರಿತೈತಿ, ನೀರ ಹೊಡದ ಬರ್ರಿ ಅಂತ ದವಾಖಾನಿಯಿಂದ ನಾನ ಅಟ್ಟೇನಿ. ಇಲ್ಲಾಂದ್ರ ಓದಿದವರೆಲ್ಲಾ ಅವರನ್ನ ಬೈತಾರ.”

(ರೆಹಮತ್‌ಬಿ ನನ್ನ ತಂಗಿ. ಸತ್ತ ಪಾತ್ರ ಮಾತಾಡಬಾರದೆಂದು ನಾನು ಶಾಲೆಯಲ್ಲಿ ಕಲಿತಿದ್ದೇನೆ. ಅವಳು ಶಾಲೆಗೆ ಹೋದವಳಲ್ಲ.)

೩

ಮಿನಾರ ನಿಂತ ಜಾಗದಲ್ಲಿ ಮೊದಲು ಜಮಾತಿನ ಒಂದು ಕೋಣೆಯಿತ್ತು. ಅದರಲ್ಲೊಂದು ಆಕ್ಸಿಜನ್ ಮಷಿನ್. ದಮ್ಮಿನ ಕಾಯಿಲೆಯವರು ಮನೆಗೆ ಒಯ್ದು ಮರಳಿ ತಂದಿಡುತ್ತಿದ್ದರು, ರೆಹಮತ್‌ಬಿಯೂ. ಕೋಣೆ ಕೆಡವಿದಾಗ ಮಷಿನ್ ಸಿಮೆಂಟ್ ಧೂಳು ಕುಡಿದು ಕೆಟ್ಟಿತು. ಕೆಡವಲಿ ಎಂದು ಸಭೆಯಲ್ಲಿ ಕೈ ಎತ್ತಿದವರಲ್ಲಿ ಫಕ್ರುಸಾಬನೂ ಇದ್ದ.

ಮಷಿನ್ ಇದ್ದಿದ್ದರೆ ಅವಳು ಉಳಿಯುತ್ತಿದ್ದಳೇ? (ಇಲ್ಲೊಬ್ಬ ಡಾಕ್ಟರನ್ನು ತಂದು ಉತ್ತರ ಹೇಳಿಸಬಹುದು. ಹೇಳಿಸುವುದಿಲ್ಲ. ಫಕ್ರುಸಾಬನಿಗೆ ಸಿಗದ ಉತ್ತರ ನಿಮಗೇಕೆ?) ಮಿನಾರವನ್ನು ಖಳನಾಯಕ ಮಾಡಲೂ ನನಗೆ ಮನಸ್ಸಿಲ್ಲ. ಅದರ ಒಂದೊಂದು ಕಮಾನನ್ನೂ ಅವನು ಬಿಸ್ಮಿಲ್ಲಾ ಎಂದೇ ತಿದ್ದಿದ್ದಾನೆ.

೪

ನಲವತ್ತನೆಯ ದಿನ ಮಸೀದಿ ಕಮಿಟಿಯ ಫೈಜಾನ ಬಂದ.

“ಚಾಚಾ, ಮಿನಾರದ ಬಾಗಲಕ್ಕ ಅಮೃತಶಿಲಾ ಹಚ್ಚಿ ಚಾಚಿ ಹೆಸರ ಕೆತ್ತಸ್ತೇವಿ. ಹೂಂ ಅನ್ರಿ.”

“ಹೆಸರ ಬ್ಯಾಡಪಾ. ಮಿನಾರದ ಬುಡದಾಗಿನ ಕೋಣಿ ಕೊಡ್ರಿ. ಹೊಸಾ ಮಷಿನ್ ಇಡೂಣು.”

“ಮಿನಾರದಾಗ ದವಾಖಾನಿ ಏನ್ರಿ? ಮಂದಿ ನಗತಾರ.”

“ನಗಾಕರ ಉಸಿರ ಬೇಕಲ್ಲಪಾ.”

ಫೈಜಾನ ಕೆಟ್ಟ ಹುಡುಗನಲ್ಲ. ನಾಳಿನ ಮೀಟಿಂಗಿನಲ್ಲಿ ಮಾತು ಎತ್ತುತ್ತೇನೆಂದು ಹೇಳಿ ಹೋದ.

೫

ಮುಕ್ತಾಯ ಒಂದು: ಎಲ್ಲರೂ ಒಪ್ಪುತ್ತಾರೆ. (ತೀರಾ ಸಲೀಸು. ಹೊಡೆದು ಹಾಕಿದೆ.)

ಮುಕ್ತಾಯ ಎರಡು: ಯಾರೂ ಒಪ್ಪುವುದಿಲ್ಲ, ಕಲ್ಲು ಬರುತ್ತದೆ, ಹೆಸರು ತಪ್ಪಾಗಿ ಕೆತ್ತಿರುತ್ತದೆ. (“ನನ್ನ ಹೆಸರರ ನೆಟ್ಟಗ ಬರಿ ಭಾಯಿ,” ಎಂದು ತಂಗಿ ನಕ್ಕಳು.)

ಮೂರನೆಯದನ್ನು ಫಕ್ರುಸಾಬನಿಗೇ ಕೇಳಿದೆ.

“ಮೀಟಿಂಗ್ ನಾಳೆ ಐತಿ. ಇವತ್ತ ನೀವು ಹೆಂಗ ಬರೀತೀರಿ, ಭಾಯಿಜಾನ್? ಈ ಸಲ ನಾ ಬರೇ ಕೈ ಎತ್ತೂದಿಲ್ಲ. ಎದ್ದ ನಿಂದರತೇನಿ. ಅಷ್ಟ ಬರಕೋರಿ.”

ಅಷ್ಟನ್ನೇ ಬರೆದು ಪೆನ್ನು ಕೆಳಗಿಟ್ಟೆ. ಇಬ್ಬರೂ ಕೈ ಎತ್ತಿದೆವು. ಇದು ಬೇರೆ ಎತ್ತುವಿಕೆ.

ಯಾ ಅಲ್ಲಾ, ರೆಹಮತ್‌ಬಿಯ ತಪ್ಪುಗಳನ್ನು ಮನ್ನಿಸು. ಅವಳ ಕಬರನ್ನು ಅಗಲ ಮಾಡು. ಅಲ್ಲಿ ಅವಳಿಗೆ ಗಾಳಿ ಕಮ್ಮಿ ಬೀಳದಿರಲಿ. ಆಮೀನ್.