ಉಡಿಯಲ್ಲಿ ಬಂದ ಗೋಪುರ

ಇದು ನಡೆದದ್ದೇ. ಸುಳ್ಳಾಗಿದ್ದರೆ ನಾಳೆಯಿಂದ ನನ್ನ ಬಾಯಿಗೆ ಬೀಳುವ ಪ್ರತಿ ಮೀನೂ ಬರೀ ಮುಳ್ಳಾಗಲಿ.

ಇಟಲಿಯ ಲಿಗೂರಿಯಾ ಕರಾವಳಿಯ ಕಾಲಾನೆರಾದವರು ಗೊಣಗುವುದರಲ್ಲಿ ಎತ್ತಿದ ಕೈ. ಹಿಂದೆ ಹಡಗಿಗೆ ಆಳು ಹಿಡಿಯುವಾಗ ನಾಯಕ ಮೊದಲೇ ಕೇಳುತ್ತಿದ್ದ, ಗೊಣಗುವವನಾಗಿ ಬರುತ್ತೀಯೋ ಗೊಣಗದವನಾಗಿಯೋ ಅಂತ. ಗೊಣಗದವನಿಗೆ ಕೂಲಿ ಹೆಚ್ಚು. ಕಾಲಾನೆರಾದ ಒಬ್ಬನೂ ಆ ಹೆಚ್ಚಿನ ಕೂಲಿ ಮುಟ್ಟಲಿಲ್ಲ. ಹಾಗಾಗಿ ಗೊಣಗಾಟ ಅಲ್ಲಿ ಚಟವಲ್ಲ, ಅಜ್ಜಂದಿರು ಹೊಟ್ಟೆ ಕಟ್ಟಿ ಮಾಡಿಟ್ಟ ಆಸ್ತಿ.

ಆ ಆಸ್ತಿಯನ್ನು ಚೆನ್ನಾಗಿ ಅನುಭವಿಸುತ್ತಿದ್ದವಳು ಮನೇನಾ, ಎಪ್ಪತ್ತೆಂಟರ ಮುದುಕಿ. ಸಣ್ಣ ಮೀನಿನ ತಲೆ ಮುರಿದು, ಜಾಡಿಯಲ್ಲಿ ಪದರ ಪದರವಾಗಿ ಉಪ್ಪು ಹಾಕಿ, ಮೇಲೆ ಒಂದು ಕಪ್ಪು ಕಲ್ಲು ಹೇರಿಡುವುದು ಅವಳ ಕಸುಬು. ಆ ಕಲ್ಲು ಸಾಮಾನ್ಯದ್ದಲ್ಲ. ನಾನೂರು ವರ್ಷದ ಹಿಂದೆ ಗಂಡಸರೆಲ್ಲ ಹವಳ ತೆಗೆಯಲು ಹೋಗಿದ್ದಾಗ ಕಡಲ್ಗಳ್ಳರ ಹಾಯಿ ಕಂಡಿತು. ಹೆಂಗಸರು ದಡದ ಕಲ್ಲನ್ನೆಲ್ಲ ಉಡಿಯಲ್ಲಿ ಹೊತ್ತು ಒಂಬತ್ತೇ ದಿನದಲ್ಲಿ ಕಾವಲು ಗೋಪುರ ಎಬ್ಬಿಸಿದರು. ಕೊನೆಗೆ ಮಿಕ್ಕಿದ್ದು ಇದೊಂದೇ ಕಲ್ಲು, ಮನೇನಾಳ ಮುತ್ತಜ್ಜಿಯ ಮುತ್ತಜ್ಜಿಯ ಮುತ್ತಜ್ಜಿಯ ಉಡಿಯಲ್ಲಿ.

ಹೀಗಿರುವಾಗ ಮೇಯರ್ ಪ್ರೊಸ್ಪೆರೊ ಗೋಪುರದ ಬುಡದಲ್ಲಿ ಅಮೃತಶಿಲೆಯ ಫಲಕ ನಿಲ್ಲಿಸಿ ಬಟ್ಟೆ ಹೊದಿಸಿದ. ಮನೇನಾ ಬಟ್ಟೆಯ ಮೂಲೆ ಎತ್ತಿ ಓದಿದಳು. ‘ದೊರೆಗಳು ಕಟ್ಟಿಸಿದ ಗೋಪುರ. ನಗುಮೊಗದ ಜನರ ಊರು.’ ಅವಳ ಮೈಯೆಲ್ಲ ಉರಿದುಹೋಯಿತು. ದೊರೆಯೆಂಬ ಪ್ರಾಣಿ ಆ ದಡಕ್ಕೆ ಕಾಲಿಟ್ಟದ್ದೇ ಇಲ್ಲ. ಮೇಲಿಂದ ನಗುಮೊಗವಂತೆ!

“ಯಾವ ದೊರೆಯೋ ಪ್ರೊಸ್ಪೆರೊ? ಅವನಿಗೆ ಉಡಿ ಇತ್ತೇನೋ?”

“ಮನೇನಜ್ಜಿ, ಹೆಂಗಸ್ರು ಕಟ್ಟಿದ್ರು ಅಂದ್ರೆ ಊರ್ ನೋಡೋಕ್ ಬಂದೋರು ಯಾರ್ ನಂಬ್ತಾರೆ? ದೊರೆ ಅಂದ್ರೆ ಒಂದು ಗತ್ತು.”

“ನಿಮ್ಮಪ್ಪ ಮಾಡಿದ್ ದೋಣಿ ಸೋರ್ತಿತ್ತು. ಅದ್ರ ಮೇಲೂ ದೊರೆ ಹೆಸ್ರು ಬರ್ಸು, ಸೋರೋದ್ ನಿಲ್ಲತ್ತೆ.”

ಮುದುಕಿ ಫಲಕದ ಅನಾವರಣ ಸಮಾರಂಭ ಕೆಡಿಸುತ್ತಾಳೆಂದು ಹೆದರಿದ ಮೇಯರ್ ಒಂದು ಉಪಾಯ ಮಾಡಿದ. ಗೊಣಗದವರಿಗೆ ಎಣ್ಣೆ ಸುರಿದ ಫೊಕಾಚಾ ರೊಟ್ಟಿ ಎರಡೆರಡು ತುಂಡು, ಗೊಣಗುವವರಿಗೆ ಒಂದೇ ಎಂದು ಸಾರಿಸಿದ. ಆ ಊರಲ್ಲೇ ಹುಟ್ಟಿದವನು ಮಾಡಬಾರದ ತಪ್ಪು ಅದು.

ಸಮಾರಂಭದ ಬೆಳಿಗ್ಗೆ ಮನೇನಾ ಜಾಡಿಯ ಕಲ್ಲನ್ನು ಉಡಿಯಲ್ಲಿಟ್ಟುಕೊಂಡು ಬಂದು, ಎಲ್ಲರೆದುರು ಒಂದೇ ತುಂಡು ತೆಗೆದುಕೊಂಡಳು. ಅವಳ ಹಿಂದೆ ಊರಿಗೆ ಊರೇ ಸಾಲು ನಿಂತಿತು. ಪಾದ್ರಿಯೂ ಒಂದೇ ತುಂಡು ತೆಗೆದುಕೊಂಡ. ರೊಟ್ಟಿ ಸುಟ್ಟವನೂ ಒಂದೇ ತೆಗೆದುಕೊಂಡು, ಉಪ್ಪು ಸಾಲದು ಎಂದು ತನ್ನನ್ನೇ ಬೈದುಕೊಂಡ. ಎರಡು ತುಂಡಿನ ಮೇಜಿನ ಮುಂದೆ ಕಡಲಹಕ್ಕಿಗಳು ಮಾತ್ರ.

ಗೊಣಗಾಟಕ್ಕೆ ಬೆಲೆ ಕೊಟ್ಟಾಗಿತ್ತು. ಇನ್ನು ಬಿಡುತ್ತಾರೆಯೇ? ಎಂಟುನೂರು ಬಾಯಿ ಒಟ್ಟಿಗೆ ಗೊಣಗಿದ ಗಾಳಿಗೆ ಫಲಕದ ಬಟ್ಟೆ ಹಾರಿಹೋಗಿ ಕೋರ್ಸಿಕಾ ದ್ವೀಪದಲ್ಲಿ ಬಿತ್ತು. ಲಂಗರು ಹಾಕಿದ ದೋಣಿಗಳು ಬೆನ್ನು ತಿರುಗಿಸಿದವು. ಫಲಕ ಚಟ್ಟೆಂದು ಬಿರುಕುಬಿಟ್ಟಿತು, ಸರಿಯಾಗಿ ‘ದೊರೆಗಳು’ ಎಂಬಲ್ಲಿ.

ಮೇಯರ್ ಎರಡು ತುಂಡು ರೊಟ್ಟಿ ಹಿಡಿದು, ಬಿರುಕು ನೋಡುತ್ತ, ತನಗೇ ತಿಳಿಯದಂತೆ ಗೊಣಗಿದ: “ಥೂ, ಕಲ್ಲೂ ಕಳಪೆ.”

ಊರೆಲ್ಲ ಅವನತ್ತ ತಿರುಗಿತು. ಮನೇನಾ ಅವನ ಕೈಯಿಂದ ಒಂದು ತುಂಡು ಕಿತ್ತುಕೊಂಡು, ಆ ಜಾಗದಲ್ಲಿ ಉಡಿಯ ಕಪ್ಪು ಕಲ್ಲು ಇಟ್ಟಳು.

“ಈಗ ನೀನೂ ನಮ್ಮವ್ನೇ. ಈ ಕಲ್ಲು ಹೊತ್ತು ನೋಡು. ಆಮೇಲೆ ಬರ್ಸು.”

ಹೊಸ ಫಲಕ ಇಂದಿಗೂ ಇದೆ: ‘ಈ ಗೋಪುರವನ್ನು ಹೆಂಗಸರು ಉಡಿಯಲ್ಲಿ ಕಲ್ಲು ಹೊತ್ತು ಕಟ್ಟಿದರು. ಮರಳಿ ಬಂದ ಗಂಡಸರು ಸೊಟ್ಟಗಿದೆ ಅಂದರು.’ ಮನೇನಾ ಎರಡು ಸಲ ಓದಿ, ಅಕ್ಷರ ಸಣ್ಣದಾಯಿತು ಅಂದಳು.

ಇದರಲ್ಲಿ ಏನಾದರೂ ನಂಬಲಾಗದಿದ್ದರೆ ಧಾರಾಳವಾಗಿ ಗೊಣಗಿ, ನಿಮ್ಮ ಹಕ್ಕು. ಆದರೆ ನಿಯಮ ಗೊತ್ತಲ್ಲ? ಮೊದಲು ನಿಮ್ಮ ತಟ್ಟೆಯ ಆ ಎರಡು ಮೀನಿನಲ್ಲಿ ದಪ್ಪನೆಯದನ್ನು ಈ ಕಡೆ ತಳ್ಳಿ.